ಗಣಕ ಕೋಣೆಯ ಉಗ್ರಾಣ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ನೂರು ತುಂಬಿದ ಶಾಲೆಯ ಕುರಿತು ಮಾತನಾಡುವಾಗ ಸ್ಥಾಪಕರನ್ನೂ ಮುಳಿಹುಲ್ಲಿನ ಮಾಡನ್ನೂ ನೆನೆಯುವುದು ವಾಡಿಕೆ. ನಮಗಿಂತ ಹಿರಿಯರು ಅದನ್ನು ಈಗಾಗಲೇ ಸೊಗಸಾಗಿ ಮಾಡಿದ್ದಾರೆ. ನಾವು ಗಣಕ ಕೋಣೆಯ ಮೂಲೆಯಲ್ಲಿ ಕುಳಿತಿರುವ ಒಂದು ಕರಿಯ ಪೆಟ್ಟಿಗೆಯ ವಿಷಯವನ್ನು ಹೇಳಬಯಸುತ್ತೇವೆ. ಕನ್ನಡ ಎಂ.ಎ. ಓದಿದವರಿಗೆ ಇದರ ಗೊಡವೆ ಏಕೆಂದು ಕೇಳಬಹುದು. ಆ ಪೆಟ್ಟಿಗೆಯೊಳಗೆ ಕನ್ನಡಕ್ಕೆ ಎಷ್ಟು ಜಾಗ ಎಂಬ ಪ್ರಶ್ನೆಯೇ ನಮ್ಮನ್ನು ಅಲ್ಲಿಗೆ ಎಳೆದೊಯ್ದಿತು.

ಕಾಸರಗೋಡಿನ ನಮಗೆ ಸುರಂಗ ಹೊಸತಲ್ಲ. ಕೆಂಪುಕಲ್ಲಿನ ಗುಡ್ಡದೊಳಗಿನಿಂದ ನೂಲಿನಂತೆ ಇಳಿದು ಬರುವ ನೀರು ನೇರವಾಗಿ ತೋಟಕ್ಕೆ ಸಾಲದು. ರಾತ್ರಿಯಿಡೀ ಎದುರಿನ ಕೆರೆಯಲ್ಲಿ ಕೂಡಿಟ್ಟು ಬೆಳಗ್ಗೆ ತೋಟಕ್ಕೆ ಬಿಡುತ್ತೇವೆ. ಹನ್ನೆರಡು ವರ್ಷಗಳ ಹಿಂದೆ ನಮ್ಮ ಶಾಲೆಯ ಅಂತರ್ಜಾಲವೂ ಅಂತಹ ನೂಲಿನ ನೀರೇ ಆಗಿತ್ತು. ೨೦ ಗಣಕಗಳಲ್ಲಿ ಮಕ್ಕಳು ಒಂದೇ ಪುಟವನ್ನು ತೆರೆದರೆ ಅದು ೨೦ ಸಲ ಹೊರಗಿನಿಂದ ಬರಬೇಕಾಗಿತ್ತು. ಪಿರಿಯಡ್ ಮುಗಿಯುವ ಗಂಟೆ ಬಾರಿಸುವಾಗಲೂ ಚಿತ್ರದ ಅರ್ಧಭಾಗವಷ್ಟೇ ಮೂಡಿರುತ್ತಿತ್ತು.

ಆಗ ನಮ್ಮ ಹಳೆ ವಿದ್ಯಾರ್ಥಿಯೊಬ್ಬರು, ಬದಿಗಿಟ್ಟಿದ್ದ ಒಂದು ಗಣಕದಲ್ಲಿ ಲಿನಕ್ಸನ್ನೂ ಸ್ಕ್ವಿಡ್ ಎಂಬ ಮುಕ್ತ ತಂತ್ರಾಂಶವನ್ನೂ ಹಾಕಿಕೊಟ್ಟರು. ೧೯೯೬ರಿಂದ ಬಳಕೆಯಲ್ಲಿರುವ ಈ ತಂತ್ರಾಂಶವು ಮದುವೆಮನೆಯ ಉಗ್ರಾಣಿಯಂತೆ ಕೆಲಸ ಮಾಡುತ್ತದೆ. ಮಕ್ಕಳ ಗಣಕಗಳು ಹೊರಗಿನ ಪುಟವನ್ನು ನೇರವಾಗಿ ಕೇಳದೆ ೩೧೨೮ನೆಯ ಪೋರ್ಟಿನಲ್ಲಿ ಇದನ್ನು ಕೇಳುತ್ತವೆ. ಪುಟ ಉಗ್ರಾಣದಲ್ಲಿದ್ದರೆ ಒಡನೆ ಕೊಡುತ್ತದೆ. ಇಲ್ಲವಾದರೆ ಹೊರಗಿನಿಂದ ತಂದು, ಒಂದು ಪ್ರತಿಯನ್ನು ಇಟ್ಟುಕೊಂಡು ಕೊಡುತ್ತದೆ. ಇದನ್ನೇ ಕ್ಯಾಶ್ ಎನ್ನುತ್ತಾರೆ.

ಸ್ಥಾಪಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನಾವು ಬದಲಿಸದಿದ್ದರೆ ಸ್ಕ್ವಿಡ್ ೪ ಎಂಬಿಗಿಂತ ದೊಡ್ಡ ಕಡತವನ್ನು ಡಿಸ್ಕಿನಲ್ಲಿ ಇಡುವುದಿಲ್ಲ. ಚಿತ್ರಗಳಿರುವ ಪಾಠಪುಸ್ತಕವೋ ಅದಕ್ಕಿಂತ ಎಷ್ಟೋ ದೊಡ್ಡದು. ಮಿತಿಯನ್ನು ಹೆಚ್ಚಿಸಿದೆವು, ಫಲ ಕಾಣಲಿಲ್ಲ. ಆ ಸಾಲನ್ನು ಡಿಸ್ಕಿನ ಜಾಗ ಗೊತ್ತುಪಡಿಸುವ ಸಾಲಿಗಿಂತ ಮೇಲೆ ಬರೆಯಬೇಕೆಂದು ತಿಳಿಯುವಷ್ಟರಲ್ಲಿ ಒಂದು ವಾರ ಕಳೆದಿತ್ತು. ಷಟ್ಪದಿಯಲ್ಲಿ ಗಣ ತಪ್ಪಿದರೆ ಕಿವಿಯೇ ಹೇಳುತ್ತದೆ, ಇಲ್ಲಿ ಹೇಳುವವರಿಲ್ಲ.

ನಮ್ಮ ಮನಸ್ಸನ್ನು ನಿಜವಾಗಿ ಕಲಕಿದ್ದು ಅನಂತರದ ಸಂಗತಿ. ಮಲಯಾಳ ವಿಭಾಗದ ಪುಟಗಳು ಥಟ್ಟನೆ ತೆರೆಯುತ್ತಿದ್ದವು, ನಮ್ಮ ಕನ್ನಡ ವಿಭಾಗದವು ಮೊದಲಿನಂತೆಯೇ ತಡವರಿಸುತ್ತಿದ್ದವು. ಯಾರೋ ಬೇಕೆಂದೇ ಮಾಡಿದರೆಂದು ಒಬ್ಬಿಬ್ಬರು ಗುಮಾನಿಪಟ್ಟರು. ಗಡಿನಾಡಿನಲ್ಲಿ ಅಂತಹ ಗುಮಾನಿಗೆ ಹೆಚ್ಚು ಹೊತ್ತು ಬೇಕಾಗದು. ಕಾರಣ ಬೇರೆಯೇ ಆಗಿತ್ತು. ಉಗ್ರಾಣ ತುಂಬಿದಾಗ ಬಹುಕಾಲದಿಂದ ಯಾರೂ ಕೇಳದ ವಸ್ತುವನ್ನು ಮೊದಲು ಹೊರಹಾಕುವುದು ಅದರ ನಿಯಮ. ದೊಡ್ಡ ವಿಭಾಗದ ಮಕ್ಕಳು ದಿನವೂ ಕೇಳುವ ಪುಟ ಉಳಿಯುತ್ತದೆ. ಹದಿನಾಲ್ಕು ಮಕ್ಕಳ ತರಗತಿ ವಾರಕ್ಕೊಮ್ಮೆ ಕೇಳುವ ಪುಟ ಸೋಮವಾರ ಬಂದು ಗುರುವಾರಕ್ಕೆ ಮಾಯವಾಗುತ್ತದೆ. ಯಂತ್ರಕ್ಕೆ ಭಾಷೆ ತಿಳಿಯದು, ಎಣಿಕೆಯಷ್ಟೇ ತಿಳಿಯುವುದು. ಎಣಿಕೆಯಲ್ಲಿ ನಾವು ಕಡಿಮೆ.

ಅದಕ್ಕೆ ಎರಡು ಉಪಾಯ ಮಾಡಿದೆವು. ಡಿಸ್ಕನ್ನು ದೊಡ್ಡದು ಮಾಡಿದೆವು. ಪ್ರತಿ ರಾತ್ರಿ ೨ ಗಂಟೆಗೆ ಪೆಟ್ಟಿಗೆಯೇ ಕನ್ನಡದ ಪಾಠಪುಟಗಳನ್ನೆಲ್ಲ ಒಮ್ಮೆ ಕೇಳುವಂತೆ ಪಟ್ಟಿ ಬರೆದಿಟ್ಟೆವು. ಕೇಳುವವರಿದ್ದಾರೆಂದು ಉಗ್ರಾಣಿ ನಂಬಿದ, ಪುಟಗಳು ಉಳಿದವು.

ಕೆಲವು ವರ್ಷಗಳಲ್ಲಿ ಈ ಉಪಾಯವೂ ಸೊರಗಿತು. ಜಾಲತಾಣಗಳು ಒಂದೊಂದಾಗಿ ಎಚ್‌ಟಿಟಿಪಿಎಸ್‌ಗೆ ಬದಲಾದವು. ಆ ವಿಧಾನದಲ್ಲಿ ಪುಟ ಮೊಹರು ಹಾಕಿದ ಲಕೋಟೆಯಲ್ಲಿ ಬರುತ್ತದೆ. ನಡುವಿನ ಪೆಟ್ಟಿಗೆ ಅದನ್ನು ದಾಟಿಸಬಲ್ಲದೇ ಹೊರತು ಒಳಗಿರುವುದನ್ನು ಕಾಣಲಾರದು, ಕಾಣದ್ದನ್ನು ಕೂಡಿಡಲಾರದು. ಎಲ್ಲ ಗಣಕಗಳಲ್ಲೂ ನಮ್ಮದೇ ಪ್ರಮಾಣಪತ್ರವನ್ನು ಸ್ಥಾಪಿಸಿ ಲಕೋಟೆ ಒಡೆಯುವ ದಾರಿಯಿದೆ, ಅದನ್ನು ಹಿಡಿಯೋಣವೆಂದು ಸಲಹೆ ಬಂತು. ನಾವು ಒಪ್ಪಲಿಲ್ಲ. ಅದೇ ಗಣಕಗಳಲ್ಲಿ ಅಧ್ಯಾಪಕರು ಸಂಬಳದ ಲೆಕ್ಕ ನೋಡುತ್ತಾರೆ, ಮಕ್ಕಳು ತಮ್ಮ ಗುಪ್ತಪದ ಒತ್ತುತ್ತಾರೆ. ಪುಟ ಬೇಗ ತೆರೆಯಲೆಂದು ಇನ್ನೊಬ್ಬರ ಕಾಗದ ಒಡೆಯುವುದು ಶಾಲೆಗೆ ಸಲ್ಲದು.

ಆದುದರಿಂದ ಪೆಟ್ಟಿಗೆಯಲ್ಲೇ ಒಂದು ಸಣ್ಣ ವೆಬ್ ಸರ್ವರನ್ನು ನಡೆಸಿ ಕನ್ನಡ ಮಾಧ್ಯಮದ ಪಾಠಪುಸ್ತಕಗಳನ್ನು ಅಲ್ಲಿಟ್ಟೆವು. ಕಿವಿಕ್ಸ್ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವೂ ಬಂದು ಕುಳಿತಿತು. ಮಳೆಗಾಲದಲ್ಲಿ ಸಿಡಿಲು ಬಡಿದು ಸಂಪರ್ಕ ಕಡಿದುಹೋದ ದಿನಗಳಲ್ಲೂ ಮಕ್ಕಳು ಅದನ್ನು ಓದಿದರು. ಹಳೆಯ ವಿಧಾನ ಪೂರ್ತಿ ವ್ಯರ್ಥವಾಗಲಿಲ್ಲ. ಉಬುಂಟುವಿನ ಪರಿಷ್ಕರಣೆಗಳು ಡಿಜಿಟಲ್ ಸಹಿ ಹೊತ್ತು ಸಾದಾ ಎಚ್‌ಟಿಟಿಪಿಯಲ್ಲೇ ಬರುವುದರಿಂದ, ಒಮ್ಮೆ ತಂದದ್ದು ಎಲ್ಲ ಗಣಕಗಳಿಗೂ ಆಗುತ್ತದೆ.

ಇಲ್ಲೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ೨೦೨೪ರಲ್ಲಿ ಕೇರಳದ ೧, ೩, ೫, ೭ ಮತ್ತು ೯ನೆಯ ತರಗತಿಗಳ ಪಾಠಪುಸ್ತಕಗಳು ಬದಲಾದವು. ಒಂದು ಹೆಸರಿನ ಕಡತ ಇದ್ದರೆ ಮತ್ತೆ ತರಬೇಡವೆಂದು ನಾವೇ ಬರೆದಿದ್ದ ಆದೇಶದಿಂದಾಗಿ ಪೆಟ್ಟಿಗೆ ಹಳೆಯ ಪುಸ್ತಕವನ್ನೇ ಬಡಿಸುತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ಟೀಚರೇ, ಈ ಪಾಠ ನಮ್ಮ ಪುಸ್ತಕದಲ್ಲಿ ಇಲ್ಲವಲ್ಲ” ಎಂದು ಕೇಳುವವರೆಗೆ ನಮಗೆ ತಿಳಿಯಲೇ ಇಲ್ಲ. ಎಷ್ಟು ಬೇಗ ಕೊಡುತ್ತದೆ ಎಂಬುದನ್ನಷ್ಟೇ ನೋಡುತ್ತಿದ್ದೆವು. ಈಗ ಪೆಟ್ಟಿಗೆ ಪ್ರತಿ ರಾತ್ರಿ, ಇಂತಹ ದಿನಾಂಕದ ಬಳಿಕ ಬದಲಾವಣೆಯಿದೆಯೇ ಎಂದು ಮೂಲ ತಾಣವನ್ನು ವಿಚಾರಿಸುತ್ತದೆ. ೩೦೪ ಎಂಬ ಉತ್ತರ ಬಂದರೆ ಬದಲಾಗಿಲ್ಲವೆಂದು ಅರ್ಥ. ೨೦೦ ಎಂದು ಬಂದರೆ ಹೊಸ ಪ್ರತಿ ಬರುತ್ತದೆ. ಲಿಟಲ್ ಕೈಟ್ಸ್ ಘಟಕದ ಇಬ್ಬರು ಮಕ್ಕಳು ಸೋಮವಾರ ಬೆಳಗ್ಗೆ ಲಾಗ್ ಕಡತ ಓದಿ, ಸಂಶಯವಿದ್ದರೆ ಮುದ್ರಿತ ಪುಸ್ತಕದೊಡನೆ ತಾಳೆ ನೋಡುತ್ತಾರೆ.

ಈಗ ಫೈಬರ್ ಬಂದಿದೆ, ಪೆಟ್ಟಿಗೆಯನ್ನು ತೆಗೆಯಬಾರದೇ ಎಂದು ಕೇಳುವವರಿದ್ದಾರೆ. ಬರುವ ಮೇ ೩೧ಕ್ಕೆ ನಾವು ನಿವೃತ್ತರಾಗುತ್ತೇವೆ. ಆ ತೀರ್ಮಾನ ಮುಂದೆ ಬರುವವರದು. ಎಲ್ಲ ಆದೇಶಗಳನ್ನೂ, ಪ್ರತಿಯೊಂದು ಏಕೆಂಬುದನ್ನೂ, ೨೦೨೪ರ ತಪ್ಪನ್ನೂ ಕನ್ನಡದಲ್ಲೇ ಒಂದು ಪುಸ್ತಕದಲ್ಲಿ ಬರೆದು ಗಣಕ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದೇವೆ. ತೆಗೆಯುವವರು ಮೊದಲು ರಾತ್ರಿ ೨ ಗಂಟೆಯ ಪಟ್ಟಿಯಿರುವ ಪುಟವನ್ನು ಓದಬೇಕೆಂದು ಕೇಳಿಕೊಳ್ಳುತ್ತೇವೆ.