ಕೇಬಲ್ಲಿನ ಮುಪ್ಪು

ಕಾರ್ಖಾನೆಯನ್ನು ನೋಡಲು ಹೋದವರ ಕಣ್ಣು ಯಂತ್ರಗಳ ಮೇಲೆ ನಿಲ್ಲುವುದೇ ಹೊರತು, ಅವುಗಳಿಗೆ ವಿದ್ಯುಚ್ಛಕ್ತಿಯನ್ನು ತಂದೀಯುವ ಕೇಬಲ್ಲುಗಳ ಮೇಲಲ್ಲ. ಕೇಬಲ್ಲಿನೊಳಗಿನ ತಾಮ್ರ ಬಹುಕಾಲ ಬಾಳುತ್ತದೆ. ಮುಪ್ಪು ಬರತಕ್ಕದ್ದು ಅದನ್ನು ಸುತ್ತಿರುವ ರಬ್ಬರು ಅಥವಾ ಪ್ಲಾಸ್ಟಿಕ್ಕಿನ ಹೊದಿಕೆಗೆ. ವಿದ್ಯುತ್ತು ದಾರಿ ತಪ್ಪದಂತೆ ತಡೆದಿರುವುದೂ ಈ ಹೊದಿಕೆಯೇ.

ಮುಪ್ಪಿಗೆ ಮುಖ್ಯ ಕಾರಣ ಶಾಖ. ಉಷ್ಣತೆ ಸುಮಾರು 10 ಡಿಗ್ರಿ ಸೆಂಟಿಗ್ರೇಡು ಏರಿದರೆ ಹೊದಿಕೆಯ ಆಯುಸ್ಸು ಅರ್ಧಕ್ಕಿಳಿಯುವುದೆಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. 40 ವರ್ಷ ಬಾಳಬೇಕಾದ ಕೇಬಲ್ಲು ಹಬೆಯ ಕೊಳವೆಯ ಮಗ್ಗುಲಲ್ಲಿ 20 ಡಿಗ್ರಿ ಹೆಚ್ಚಾಗಿ ಕಾದರೆ 10 ವರ್ಷಕ್ಕೇ ಹಣ್ಣಾದೀತು. ನೂರು ಗಜದಲ್ಲಿ ಕೊಳವೆಯ ಬಳಿಯ ಎರಡು ಗಜ ಮಾತ್ರ ಮುದಿಯಾಗಿರಬಹುದು. ಪರೀಕ್ಷಕನು ಮೊದಲು ಹುಡುಕಬೇಕಾದುದು ಆ ಎರಡು ಗಜವನ್ನು.

ಹೊದಿಕೆಯ ವಿದ್ಯುನ್ನಿರೋಧವನ್ನು ಅಳೆಯುವ ಮೆಗ್ಗರ್ ಎಂಬ ಉಪಕರಣವು 20ನೆಯ ಶತಮಾನದ ಆರಂಭದಿಂದಲೂ ಬಳಕೆಯಲ್ಲಿದೆ. ತೇವವನ್ನು ಅದು ಚೆನ್ನಾಗಿ ಪತ್ತೆಮಾಡುತ್ತದೆ. ಆದರೆ ಅದರ ಮುಳ್ಳು ಒಳ್ಳೆಯ ಅಂಕಿಯನ್ನು ತೋರಿದೊಡನೆ ನಿಶ್ಚಿಂತರಾಗಬಹುದೆಂಬ ಮಾತನ್ನು ನಾವು ಒಪ್ಪಲಾರೆವು. ಒಣಗಿ ಹಪ್ಪಳದಂತಾದ ಹೊದಿಕೆಯೂ, ಯಾರೂ ಅಲುಗಿಸದೆ ಒಣಜಾಗದಲ್ಲಿರುವ ತನಕ, ತಕ್ಕಷ್ಟು ನಿರೋಧವನ್ನು ತೋರಬಲ್ಲುದು! ದುರಸ್ತಿಗೆಂದು ಬಗ್ಗಿಸಿದಾಗಲೋ, ಕೊಳವೆಯೊಡೆದು ಹಬೆ ನುಗ್ಗಿದಾಗಲೋ ಅದರ ನಿಜಸ್ಥಿತಿ ಬಯಲಾಗುವುದು. ಪರಮಾಣು ವಿದ್ಯುತ್ ಸ್ಥಾವರದಲ್ಲಿ ತಂಪುಗೊಳಿಸುವ ಪಂಪು ನಡೆಯಲೇಬೇಕಾದ ಗಳಿಗೆಯೂ ಅದೇ. ಅಲ್ಲಿ ಶಾಖದೊಡನೆ ವಿಕಿರಣವೂ ಸೇರಿ ಹೊದಿಕೆಯನ್ನು ಹಳತಾಗಿಸುತ್ತದೆ. ನಮ್ಮ ಕೈಗಾದ ಮೊದಲ ಎರಡು ಘಟಕಗಳು ವಾಣಿಜ್ಯೋತ್ಪಾದನೆಗೆ ತೊಡಗಿದುದು 2000ದಲ್ಲಿ. ಆದಕಾರಣ ಇದು ನಮಗೆ ದೂರದ ವಿಷಯವೇನೂ ಅಲ್ಲ.

ಇಂತಹ ಸ್ಥಾವರಗಳ ತಜ್ಞರು ಹೊದಿಕೆಯ ನಮ್ಯತೆಯನ್ನೇ ಅಳೆಯುವುದುಂಟು. 4 ಅಂಗುಲದ ತುಂಡನ್ನು ಎಳೆದರೆ ಹರಿಯುವ ಮುನ್ನ 6 ಅಂಗುಲವಾದರೂ ಆಗಬೇಕೆಂಬುದು ವಾಡಿಕೆಯ ಮಿತಿ. ಎಳೆದು ಹರಿದ ತುಂಡು ಮತ್ತೆ ಕೆಲಸಕ್ಕೆ ಬಾರದಷ್ಟೆ. ಆದುದರಿಂದ ಕೆಲವೆಡೆ ಅದೇ ಜಾತಿಯ ತುಂಡುಗಳನ್ನು ಮೊದಲೇ ಬಿಸಿಯ ಸ್ಥಳಗಳಲ್ಲಿ ಇರಿಸಿ, ಕೆಲವು ವರ್ಷಗಳಿಗೊಮ್ಮೆ ಒಂದೊಂದನ್ನು ತೆಗೆದು ಪರೀಕ್ಷಿಸುವರು. ಸಣ್ಣ ಮೊನೆಯನ್ನು ಒತ್ತಿ ಗಡಸುತನವನ್ನು ಅಳೆಯುವ ಸಾಧನವೂ ಉಂಟು; ಅದು ಕೇಬಲ್ಲನ್ನು ಕೆಡಿಸದಾದರೂ ಹೊರಪದರವನ್ನು ಮಾತ್ರ ಮುಟ್ಟುತ್ತದೆ.

ಸಾಮಾನ್ಯ ಗಿರಣಿಗಳಲ್ಲಿ ಇಷ್ಟೆಲ್ಲ ಏರ್ಪಾಡು ಸಾಧ್ಯವಾಗದಿರಬಹುದು. ಮೆಗ್ಗರಿನ ಅಂಕಿಯೊಡನೆ ದಿನಾಂಕವನ್ನೂ ಅಂದಿನ ಉಷ್ಣತೆಯನ್ನೂ ರಿಜಿಸ್ಟರಿನಲ್ಲಿ ಬರೆಯಬಹುದು. ಕೆಲಸಗಾರನು ವಿದ್ಯುತ್ತನ್ನು ಕಡಿದು, ಖಾತ್ರಿಮಾಡಿಕೊಂಡು, ಮೋಟಾರಿನ ಬಳಿಯ ತುದಿಯಲ್ಲಿ ಬಣ್ಣ ಮಾಸಿದೆಯೆ, ಬಿರುಕು ಮೂಡಿದೆಯೆ ಎಂದು ವರ್ಷಕ್ಕೊಮ್ಮೆ ನೋಡಬಹುದು. ಶಾಖ ಹೆಚ್ಚಾಗಿರುವುದರಿಂದ ಹೊದಿಕೆ ಬೇಗ ಹಳತಾಗುವ ಎಡೆಗಳಲ್ಲಿ ಆ ತುದಿಯೂ ಒಂದು.