ಒಡಲಿನ ಕಾವಲು



ಎಂಬತ್ತನಾಲ್ಕು ಲಕ್ಷ ಯೋನಿಗಳಲ್ಲಿ ಹುಟ್ಟಿ ಬಂದ ಜೀವವೆಂದು ಹರಿಕಥೆ ದಾಸರು ಹೇಳಿದರೆ ಮಕ್ಕಳುಮರಿಯೊಡನೆ ಕುಳಿತು ತಲೆದೂಗುತ್ತೇವೆ. ಅದೇ ಪದವನ್ನು ವೈದ್ಯರೆದುರು ಆಡಬೇಕಾದಾಗ ಮಾತ್ರ ನಾಲಗೆ ಏಳುವುದಿಲ್ಲ. ಕನ್ನಡ ಪಾಠ ಹೇಳುವ ನನ್ನಂಥವಳು ಈ ವಿಷಯವನ್ನೆತ್ತಲು ಆ ಸಂಕೋಚವೇ ಕಾರಣ.

ಜಯನಗರದಲ್ಲಿ ನಮ್ಮ ನೆರೆಮನೆಯಾಕೆಗೆ ಬಿಳಿ ಹೋಗುವ ತೊಂದರೆಯಿತ್ತು. ಯಾರಿಗೂ ಹೇಳದೆ, ಕ್ರಿಮಿನಾಶಕ ದ್ರವವನ್ನು ನೀರಿಗೆ ಬೆರೆಸಿ ಒಳಗೆಲ್ಲ ತೊಳೆದುಕೊಳ್ಳುತ್ತಿದ್ದರು. ತೊಳೆದಷ್ಟೂ ತುರಿಕೆ ಹೆಚ್ಚಿತು. ಹೆಚ್ಚದೆ ಏನಾದೀತು? ಕಳ್ಳನೊಡನೆ ಕಾವಲುಗಾರನನ್ನೂ ಹೊರಗಟ್ಟಿದ ಹಾಗಾಯಿತು.

ಆ ಕಾವಲುಗಾರರನ್ನು 1892ರಲ್ಲಿ ಜರ್ಮನಿಯ ವೈದ್ಯ ಡೋಡರ್ಲೈನ್ ವಿವರಿಸಿದರು. ಹಾಲನ್ನು ಮೊಸರಾಗಿಸುವ ಜೀವಾಣುಗಳ ಬಳಗದವೇ ಅವು. ಯೋನಿಯಲ್ಲಿ ನೆಲೆಸಿ, ಹುಳಿಯನ್ನುಂಟುಮಾಡಿ, ಕೆಟ್ಟ ಕ್ರಿಮಿಗಳನ್ನು ತಡೆಯುತ್ತವೆ. ಹಾಗೆಂದು ಮೊಸರು ಹಚ್ಚಿಕೊಳ್ಳಿರೆಂದು ನಾನು ಹೇಳುತ್ತಿಲ್ಲ!

ಹುಳಿಯ ಜೊತೆಗೆ ಇನ್ನೊಂದು ಆಯುಧವೂ ಉಂಟು. ಅದಕ್ಕೆ ಪೆಪ್ಟೈಡ್ ಎಂದು ಹೆಸರು. ಪ್ರೋಟೀನಿನ ಚಿಕ್ಕ ತುಣುಕು. 1987ರಲ್ಲಿ ಅಮೆರಿಕದ ಮೈಕೇಲ್ ಜ್ಯಾಸ್ಲಾಫ್ ಅವರಿಗೆ ಒಂದು ಸೋಜಿಗ ಕಂಡಿತು. ಕೊಯ್ದು ಹೊಲಿದ ಆಫ್ರಿಕದ ಕಪ್ಪೆಗಳನ್ನು ಕೊಳಕು ನೀರಿನ ತೊಟ್ಟಿಗೆ ಬಿಟ್ಟರೂ ಗಾಯ ಕೀವಾಗದೆ ಮಾಯುತ್ತಿತ್ತು. ಅವುಗಳ ಚರ್ಮದಲ್ಲೇ ಕ್ರಿಮಿಯ ಹೊರಪೊರೆಗೆ ತೂತು ಕೊರೆಯುವ ಪೆಪ್ಟೈಡ್‌ಗಳಿದ್ದುವು. ಗುರಾಣಿ ಎಂಬರ್ಥದ ಹೀಬ್ರೂ ಪದದಿಂದ ಅವಕ್ಕೆ ಮೆಗೈನಿನ್ ಎಂದು ಹೆಸರಿಟ್ಟರು. ಹೆಸರಿಡುವ ಜಾಣತನ ಪಂಡಿತರಿಗೇ ಮೀಸಲಲ್ಲವೆಂದಾಯಿತು. ನಮ್ಮ ಮೈಯೂ ಇಂಥವನ್ನು ತಯಾರಿಸುತ್ತದೆ.

ಇದಕ್ಕೂ ಸಂತಾನ ನಿಯಂತ್ರಣಕ್ಕೂ ಏನು ನಂಟು? ವೀರ್ಯಾಣುವಿಗೂ ಪೊರೆಯುಂಟು. ಹಳೆಯ ವೀರ್ಯನಾಶಕವಾದ ನೊನಾಕ್ಸಿನಾಲ್-9 ಸೋಪಿನ ಜಾತಿಯದು; ವೀರ್ಯಾಣುವಿನ ಜೊತೆಗೆ ಯೋನಿಯ ಒಳಪದರವನ್ನೂ ಕೆರಳಿಸುತ್ತದೆ. ಅದನ್ನು ಮೇಲಿಂದ ಮೇಲೆ ಬಳಸಿದ ಹೆಂಗಸರಿಗೆ ಎಚ್.ಐ.ವಿ. ಸೋಂಕು ಹೆಚ್ಚಾಗಿ ತಗುಲಿತೆಂದು 2000ದಲ್ಲಿ ತಿಳಿದುಬಂತು. ರಕ್ಷಣೆಗೆಂದು ಕೊಟ್ಟದ್ದೇ ಬಾಗಿಲು ತೆರೆದಂತಾಯಿತು. ಆದ್ದರಿಂದ ಮುಂಬಯಿಯ ರಾಷ್ಟ್ರೀಯ ಸಂತಾನೋತ್ಪತ್ತಿ ಆರೋಗ್ಯ ಸಂಶೋಧನಾ ಸಂಸ್ಥೆಯವರು ನೈಸಿನ್ ಎಂಬ ಪೆಪ್ಟೈಡನ್ನು ಮೊಲಗಳ ಮೇಲೆ ಪರೀಕ್ಷಿಸಿ 2004ರಲ್ಲಿ ವರದಿ ಪ್ರಕಟಿಸಿದರು. ಹಾಲಿನ ಜೀವಾಣುವಿನಿಂದ ಹುಟ್ಟುವ ನೈಸಿನ್ ಚೀಸ್ ಕೆಡದಂತೆ ಕಾಯಲು ಬಳಕೆಯಲ್ಲಿರುವ ವಸ್ತು. ಅದು ವೀರ್ಯಾಣುಗಳ ಚಲನೆಯನ್ನು ನಿಲ್ಲಿಸಿತು; ಒಳಪದರಕ್ಕೆ ಹಾನಿ ಕಾಣಲಿಲ್ಲ.

ಆದರೆ ಮೊಲದಿಂದ ಮನುಷ್ಯರವರೆಗೆ ದಾರಿ ದೂರ. ಔಷಧಿ ಅಂಗಡಿಯಲ್ಲಿ ಕೇಳಿದರೆ ಸಿಗುವ ಪದಾರ್ಥ ಇದಲ್ಲ. ಈಗ ಬೇಕಾದವರಿಗೆ ನಿರೋಧ್, ಮಾತ್ರೆ, ಕಾಪರ್-ಟಿ ಇವೆ. 1930ರಲ್ಲೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದ ಸರಕಾರ ನಮ್ಮ ಮೈಸೂರಿನದು. ಆ ನಾಡಿನ ಹೆಣ್ಣುಮಕ್ಕಳು ಈಗಲೂ ಪಿಸುಮಾತಿನಲ್ಲಿ ಸಲಹೆ ಕೇಳುವುದು ನನಗೆ ಸರಿತೋರದು.

ನೆರೆಮನೆಯಾಕೆಯನ್ನು ನಾನೇ ವೈದ್ಯೆಯ ಬಳಿಗೆ ಕರೆದೊಯ್ದೆ. ಒಳಗೆ ತೊಳೆಯುವುದನ್ನು ಬಿಡಿ, ಹೊರಗೆ ಬರಿಯ ನೀರು ಸಾಕು. ದುರ್ವಾಸನೆ, ತುರಿಕೆ, ಕಿಬ್ಬೊಟ್ಟೆ ನೋವಿದ್ದರೆ ತಡಮಾಡದೆ ಬನ್ನಿ ಎಂದರು. ಪರೀಕ್ಷಿಸಿ ಔಷಧ ಕೊಟ್ಟರು. ಆ ದ್ರವದ ಸೀಸೆಯಿಂದ ಆಕೆ ಈಗ ಬಚ್ಚಲು ತೊಳೆಯುತ್ತಾರೆ.