ನಾಲ್ಕು ತಂತಿಗಳ ಸೇವೆ

(ಶತಮಾನೋತ್ಸವದ ಸಭೆಯಲ್ಲಿ ಗಾಯನ ವೃಂದದ ಪರವಾಗಿ ಮಾಡಿದ ಭಾಷಣ)



 ಹಾರ್ಮೋನಿಯಂ ಪಕ್ಕದಲ್ಲಿ ಯುಕುಲೇಲಿ ಎಂಬ ಪುಟ್ಟ ತಂತಿವಾದ್ಯವನ್ನು ನಾವು ಮೊದಲು ತಂದಾಗ, "ಈ ಆಟಿಕೆಗೆ ದೇವರ ಮನೆಯಲ್ಲಿ ಏನು ಕೆಲಸ?" ಎಂದು ಹಿರಿಯರು ಕೇಳಿದ್ದುಂಟು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಕೊಡುವುದು ನಮ್ಮ ಕರ್ತವ್ಯ.

ಈ ವಾದ್ಯ ಹುಟ್ಟಿದ್ದು ಬಡ ಕೂಲಿಕಾರರ ನಡುವೆ. ಪೋರ್ಚುಗಲ್ಲಿಗೆ ಸೇರಿದ ಮದೀರಾ ದ್ವೀಪದಿಂದ ಕಬ್ಬಿನ ತೋಟಗಳ ದುಡಿಮೆಗೆಂದು ಹೊರಟ 400ಕ್ಕೂ ಹೆಚ್ಚು ಮಂದಿ 1879ರ ಆಗಸ್ಟ್ 23ರಂದು 'ರೇವನ್ಸ್‌ಕ್ರ್ಯಾಗ್' ಹಡಗಿನಲ್ಲಿ ಹವಾಯಿಯ ಹೊನೊಲುಲು ಬಂದರನ್ನು ತಲುಪಿದರು. ಅವರೊಡನೆ ತಾಯ್ನಾಡಿನ 'ಮಶೇಟ್' ಎಂಬ ಕಿರುವಾದ್ಯವೂ ಬಂದಿತು. ಅದರಿಂದಲೇ ಯುಕುಲೇಲಿ ರೂಪುಗೊಂಡಿತು. ಅದನ್ನು ಮೊದಲು ತಯಾರಿಸಿದ ಮೂವರು ಬಡಗಿಗಳಲ್ಲಿ ಒಬ್ಬಾತನ ಹೆಸರು ಜೋಸೆ ದೊ ಎಸ್ಪಿರಿತು ಸಾಂತು, ಅಂದರೆ ಪವಿತ್ರಾತ್ಮರ ಜೋಸೆಫ್! ಬಡಗಿ ಜೋಸೆಫರನ್ನು ಗೌರವಿಸುವ ನಮಗೆ ಇದು ಮುದ ನೀಡುವ ಸಂಗತಿಯಲ್ಲವೇ?

1903ರಲ್ಲಿ ಹತ್ತನೆಯ ಭಕ್ತಿನಾಥ ಪಿಯುಸ್ ಜಗದ್ಗುರುಗಳು ದೇವಾಲಯದಲ್ಲಿ ಪಿಯಾನೋವನ್ನೂ ಗದ್ದಲದ ವಾದ್ಯಗಳನ್ನೂ ನಿಷೇಧಿಸಿದ್ದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪೈಪ್ ಆರ್ಗನ್ನಿಗೆ ಹಿರಿಯ ಸ್ಥಾನವನ್ನು ಉಳಿಸಿ, ಅಧಿಕಾರವುಳ್ಳವರ ಒಪ್ಪಿಗೆಯಿಂದ ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು. ಆದರೆ ಅವು ಆರಾಧನೆಗೆ ಯೋಗ್ಯವಾಗಿರಬೇಕು, ದೇವಾಲಯದ ಘನತೆಗೆ ಹೊಂದಬೇಕು, ಭಕ್ತರ ಆತ್ಮಕ್ಕೆ ಪೋಷಕವಾಗಬೇಕು.

ಈ ಮಾತನ್ನು ನಾವು ಓದಿದ್ದೆವು, ಅರಿತಿರಲಿಲ್ಲ. ಒಂದು ಭಾನುವಾರ ಕಾಣಿಕೆಯ ಗೀತೆಯನ್ನು ಅತಿ ವೇಗವಾಗಿ ಮೀಟಿದೆವು. ನಮಗೆ ಹೆಮ್ಮೆಯೋ ಹೆಮ್ಮೆ. ಪೂಜೆ ಮುಗಿದ ಮೇಲೆ ವೃದ್ಧೆಯೊಬ್ಬರು ಬಳಿಗೆ ಬಂದು, "ಮಕ್ಕಳೇ, ಚೆನ್ನಾಗಿ ಬಾರಿಸಿದಿರಿ. ಆದರೆ ನಾವು ಹಾಡುವುದು ಯಾವಾಗ?" ಎಂದರು. ಐವತ್ತು ವರ್ಷ ಅದೇ ಗೀತೆಯನ್ನು ಹಾಡಿದ್ದ ಕಂಠವನ್ನು ನಾವು ಮೌನಗೊಳಿಸಿದ್ದೆವು. ಅಂದು ನಾಚಿ ತಲೆ ತಗ್ಗಿಸಿದೆವು.

ಅಂದಿನಿಂದ ನಮ್ಮ ಕ್ರಮ ಬದಲಾಯಿತು. ಹೊಸ ನೈಲಾನ್ ತಂತಿಗಳು ಬೇಗ ಸಡಿಲಗೊಳ್ಳುವುದರಿಂದ ಪೂಜೆಗೆ ಮುಂಚೆಯೇ ಶ್ರುತಿ ಮಾಡಿಕೊಳ್ಳುತ್ತೇವೆ. ಹಿರಿಯರ ಉಸಿರಿಗೆ ತಕ್ಕ ಲಯವನ್ನು ಹಿಡಿಯುತ್ತೇವೆ. ಗುರುಗಳು ಪ್ರಾರ್ಥಿಸುವಾಗ ಅಂಗೈಯನ್ನು ತಂತಿಗಳ ಮೇಲಿರಿಸಿ ಸುಮ್ಮನಿರುತ್ತೇವೆ. ತಪಸ್ಸುಕಾಲದಲ್ಲಿ ಗಾಯನಕ್ಕೆ ಆಸರೆಯಾಗಿ ಮಾತ್ರ ನುಡಿಸುತ್ತೇವೆ. ಯುಕುಲೇಲಿಯ ದನಿ ಸಣ್ಣದು. ಅದೇ ಅದರ ಗುಣ. ಅದು ಜನರ ಕಂಠವನ್ನು ಮುಚ್ಚಲಾರದು, ನಾವು ಮುಚ್ಚಿಸದಿದ್ದರೆ.

ಇಂದು ಆ ತಾಯಿ ಮುಂದಿನ ಸಾಲಿನಲ್ಲಿ ಕುಳಿತು ಹಾಡುತ್ತಾರೆ. ಅವರ ದನಿ ಕೇಳಿಸಿದರೆ ನಮ್ಮ ವಾದನ ಸರಿಯಾಗಿದೆ ಎಂದು ತಿಳಿಯುತ್ತೇವೆ. ನೂರು ವರ್ಷ ಈ ಗೋಡೆಗಳ ನಡುವೆ ಹಾಡಿದ ಹಿರಿಯರ ಗಾಯನಕ್ಕೆ ನಮ್ಮ ನಾಲ್ಕು ತಂತಿಗಳೂ ಸೇವಕರಾಗಿರಲೆಂದು ಪ್ರಾರ್ಥಿಸಿ ವಿರಮಿಸುತ್ತೇವೆ.